ತೆರೆದ ಜೀಪೂ ಮಳೆಯ ನೀರೂ

ಮೇ ತಿಂಗಳ ಒಂದು ಮಧ್ಯಾಹ್ನ ನಾವು ಮಿತ್ರರೊಬ್ಬರ ಜೀಪಿನಲ್ಲಿ ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ಹೊರಟಿದ್ದೆವು. ಮೇಲುಹೊದಿಕೆಯನ್ನು ಬಿಚ್ಚಿ ಮನೆಯಲ್ಲಿಯೇ ಬಿಟ್ಟು ಬಂದಿದ್ದ ತೆರೆದ ಜೀಪು ಅದು. ಬಿಸಿಲು ಉರಿಯುತ್ತಿತ್ತು, ಗಾಡಿಯ ತಗಡನ್ನು ಮುಟ್ಟಿದರೆ ಕೈ ಚುರುಕ್ಕೆನ್ನುತ್ತಿತ್ತು. ಅರ್ಧ ದಾರಿ ಸವೆಯುವಷ್ಟರಲ್ಲಿ ಮೋಡ ಕವಿದು, ಗಾಳಿಯೆದ್ದು, ಗುಡುಗಿನೊಡನೆ ಮಳೆ ಸುರಿಯತೊಡಗಿತು. ನಿಲ್ಲೋಣವೆಂದರೆ ಆಸರೆಯಿರಲಿಲ್ಲ, ಅರ್ಧ ಗಂಟೆಯ ಕಾಲ ನೆನೆದುಕೊಂಡೇ ಸಾಗಿದೆವು. ಜೀಪು ಮಾತ್ರ ಎಳ್ಳಷ್ಟೂ ತೊಂದರೆ ಕೊಡಲಿಲ್ಲ. ಊರು ಸೇರಿ, ಆಸನಗಳ ಮೇಲಿನ ನೀರನ್ನು ಬಟ್ಟೆಯಿಂದ ಒರೆಸಿ, ಗಾಡಿಯನ್ನು ಮನಸಾರೆ ಹೊಗಳಿ ಮಲಗಿದೆವು.

ಮರುದಿನ ಬೆಳಿಗ್ಗೆ ಆಕಾಶ ಶುಭ್ರವಾಗಿತ್ತು, ರಸ್ತೆ ಒಣಗಿತ್ತು. ಊರಾಚೆಯ ಏರಿನಲ್ಲಿ, ಹಿಂದಿನಿಂದ ಬಸ್ಸೊಂದು ವೇಗವಾಗಿ ಬರುತ್ತಿದ್ದಾಗ, ಜೀಪು ಒಮ್ಮೆಲೇ ಸೋತುಹೋಯಿತು. ಎಕ್ಸಲರೇಟರನ್ನು ಪೂರಾ ತುಳಿದರೂ ಆಮೆಯ ನಡಿಗೆಯೇ. ಬಸ್ಸಿನ ಚಾಲಕರು ಜಾಗರೂಕರಾಗಿದ್ದುದರಿಂದ ಅನಾಹುತ ತಪ್ಪಿತು. ಸುರಿಯುವ ಮಳೆಯಲ್ಲಿ ಓಡಿದ ಗಾಡಿಯು ಒಣ ಬಿಸಿಲಿನಲ್ಲಿ ಕೆಟ್ಟದ್ದೇಕೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿಯು ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದ್ದು 1947ರಲ್ಲಿ. ಆ ಕಾಲದ ಜೀಪಿನಲ್ಲಿದ್ದ ವಿದ್ಯುತ್ ಸಾಮಗ್ರಿ ಅತ್ಯಲ್ಪ: ಬ್ಯಾಟರಿ, ಡೈನಮೊ, ಕಿಡಿ ಹೊತ್ತಿಸುವ ಸಲಕರಣೆ, ದೀಪಗಳು, ಹಾರನ್ನು. ಮಳೆಯಲ್ಲಿ ಡಿಸ್ಟ್ರಿಬ್ಯೂಟರು ತೊಯ್ದರೆ ಎಂಜಿನ್ನು ಅಲ್ಲಿಯೇ ನಿಲ್ಲುತ್ತಿತ್ತು. ಮುಚ್ಚಳ ತೆಗೆದು ಒಣಬಟ್ಟೆಯಿಂದ ಒರೆಸಿದರೆ ಮತ್ತೆ ಹೊರಡುತ್ತಿತ್ತು. ರೋಗವೂ ಕಣ್ಣೆದುರಿಗಿತ್ತು, ಮದ್ದೂ ಕೈಯಲ್ಲಿತ್ತು. ಈಗಿನ ಜೀಪಿನ ಸ್ವಭಾವವೇ ಬೇರೆ. 2020ರ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸ್ಟೇಜ್-6 ಹೊಗೆ ನಿಯಮವನ್ನು ಪಾಲಿಸಬೇಕಾದ ಎಂಜಿನ್ನು ಕಂಪ್ಯೂಟರಿನ ಅಪ್ಪಣೆಯಿಲ್ಲದೆ ಒಂದು ಹನಿ ಇಂಧನವನ್ನೂ ಉರಿಸದು. ಚಾಲಕನು ಎಕ್ಸಲರೇಟರನ್ನು ತುಳಿದಾಗ ತಂತಿಯೊಂದು ಎಂಜಿನ್ನನ್ನು ಎಳೆಯುವುದಿಲ್ಲ. ಪೆಡಲಿನ ಬಳಿಯ ಸೆನ್ಸರು 5 ವೋಲ್ಟಿನ ಒಳಗಿನ ಒಂದು ಸೂಚನೆಯನ್ನು ಕಂಪ್ಯೂಟರಿಗೆ ಕಳುಹಿಸುತ್ತದೆ, ಅಷ್ಟೆ. ಇಂಥ ಎರಡು ಸೂಚನೆಗಳು ಬೇರೆಬೇರೆಯಾಗಿ ಹೋಗುತ್ತವೆ. ಎರಡಕ್ಕೂ ತಾಳೆಯಾಗದಿದ್ದರೆ ಕಂಪ್ಯೂಟರು ಅಪಾಯವನ್ನು ಶಂಕಿಸಿ ಎಂಜಿನ್ನನ್ನು ಕುಂಟುನಡಿಗೆಗೆ ಇಳಿಸುತ್ತದೆ. ಏರಿನಲ್ಲಿ ನಡೆದದ್ದು ಇದೇ. ಹಾಗಾದರೆ ಸೂಚನೆಯನ್ನು ಕೆಡಿಸಿದವರು ಯಾರು?

ನೀರು ಎಂದು ಒಮ್ಮೆಗೇ ಹೇಳಿಬಿಡುವಂತಿಲ್ಲ. ಶುದ್ಧ ಜಲವು ವಿದ್ಯುತ್ತಿಗೆ ಬಹು ದುರ್ಬಲ ವಾಹಕ. ಪ್ರತಿ ಬದಿಯೂ 1 ಸೆಂ.ಮೀ. ಇರುವ ಶುದ್ಧ ಜಲದ ಘನವೊಂದರ ಎದುರುಬದುರು ಮುಖಗಳ ನಡುವಣ ರೋಧ ಸುಮಾರು 1 ಕೋಟಿ 80 ಲಕ್ಷ ಓಮ್. ಮಳೆಯ ನೀರು ಗಾಳಿಯಲ್ಲಿನ ಅನಿಲ, ಧೂಳುಗಳನ್ನು ಕರಗಿಸಿಕೊಂಡು ಬರುವುದರಿಂದ ಅದರ ರೋಧ ಕೆಲವು ಹತ್ತು ಸಾವಿರ ಓಮುಗಳಿಗೆ ಇಳಿದಿರುತ್ತದೆ. ಅದೇ ನೀರು ಜೀಪಿನ ನೆಲದ ಮೇಲಿನ ಮಣ್ಣು, ಬೆವರಿನ ಉಪ್ಪು, ಗೊಬ್ಬರದ ಪುಡಿ ಇವನ್ನು ಕರಗಿಸಿಕೊಂಡಾಗ ಕೆಲವೇ ನೂರು ಓಮುಗಳಿಗೆ ಇಳಿಯಬಹುದು. ವಿದ್ಯುತ್ತನ್ನು ಹೊತ್ತು ಸಾಗಿಸುವವು ಲವಣಗಳ ಅಯಾನುಗಳು. ನೀರು ಅವಕ್ಕೆ ದಾರಿ ಮಾತ್ರ. ಆದ್ದರಿಂದ ಮೇಲಿನಿಂದ ಬಿದ್ದು ಹರಿದುಹೋಗುವ ಮಳೆಗಿಂತ, ಮೂಲೆಯಲ್ಲಿ ನಿಂತು ಕೊಳಕನ್ನು ಕರಗಿಸಿಕೊಳ್ಳುವ ನೀರೇ ಹೆಚ್ಚು ಅಪಾಯಕಾರಿ.

ಆದರೆ ಇಂಥ ಜೋಡಣೆಗಳನ್ನೆಲ್ಲ ರಬ್ಬರು ಸೀಲಿನಿಂದ ಮುಚ್ಚಿರುತ್ತಾರಲ್ಲವೆ? ಇಲ್ಲಿ ನಮ್ಮ ಸೀಮೆಯ ಹವೆಯೇ ಒಂದು ಉಪಾಯ ಹೂಡುತ್ತದೆ. ನಂಜನಗೂಡು, ನರಸೀಪುರಗಳಲ್ಲಿ ಮಲೆನಾಡಿನಂತೆ ತಿಂಗಳುಗಟ್ಟಲೆ ಜಿಟಿಜಿಟಿ ಮಳೆಯಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲೆಲ್ಲ ಕಾದು ಸಂಜೆಗೆ ಗುಡುಗಿ ಸುರಿಯುವುದು ವಾಡಿಕೆ. ಬಿಸಿಲಿನಲ್ಲಿ ನಿಂತ ಜೀಪಿನ ಮುಚ್ಚಿದ ಪೆಟ್ಟಿಗೆಯೊಂದರ ಒಳಗಿನ ಗಾಳಿಯು 60 ಡಿಗ್ರಿ ಸೆಂಟಿಗ್ರೇಡಿಗೆ ಕಾದಿದೆಯೆಂದಿಟ್ಟುಕೊಳ್ಳೋಣ. ನಿರಪೇಕ್ಷ ಮಾನದಲ್ಲಿ ಇದು 333 ಡಿಗ್ರಿ. ಮಳೆ ಬಿದ್ದು ಅದು 25 ಡಿಗ್ರಿಗೆ, ಎಂದರೆ ನಿರಪೇಕ್ಷ 298 ಡಿಗ್ರಿಗೆ ಇಳಿಯಿತು. ಗಾತ್ರ ಬದಲಾಗದ ಪಾತ್ರೆಯಲ್ಲಿ ಅನಿಲದ ಒತ್ತಡವು ನಿರಪೇಕ್ಷ ಉಷ್ಣತೆಯ ಅನುಪಾತದಲ್ಲಿ ಬದಲಾಗುತ್ತದೆಂದು ವಿದ್ಯಾರ್ಥಿಗಳು ಓದಿದ್ದಾರೆ. ಅದರಂತೆ ಒಳಗಿನ ಒತ್ತಡ ಸುಮಾರು ನೂರಕ್ಕೆ 10ರಷ್ಟು ಕುಗ್ಗುತ್ತದೆ. ವಾಯುಮಂಡಲದ ಒತ್ತಡವು ಸುಮಾರು 10 ಮೀಟರ್ ನೀರಿನ ಕಂಬಕ್ಕೆ ಸಮ. ಅದರ ಹತ್ತನೆಯ ಒಂದು ಭಾಗವೆಂದರೆ 1 ಮೀಟರ್. ಹೊಳೆಗೆ ಇಳಿಯದೆ ರಸ್ತೆಯ ಮೇಲೆಯೇ ಇದ್ದ ಜೀಪಿನ ಪೆಟ್ಟಿಗೆಯು ಹೀಗೆ 1 ಮೀಟರ್ ಆಳದಲ್ಲಿ ಮುಳುಗಿದಂತೆಯೇ ಆಯಿತು! ಸೀಲಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು. ಹೊರಗಿನ ನೀರನ್ನು ಪೆಟ್ಟಿಗೆಯೇ ಒಳಕ್ಕೆ ಹೀರಿಕೊಳ್ಳುತ್ತದೆ. ಆ ಮೇಲೆ ಒರೆಸಿದ ಬಟ್ಟೆಗೆ ಅದು ಸಿಕ್ಕುವುದಿಲ್ಲ.

ಇನ್ನೊಂದು ದಾರಿಯೂ ಉಂಟು. ಹಣತೆಯ ಬತ್ತಿ ಎಣ್ಣೆಯನ್ನು ಮೇಲಕ್ಕೆ ಸೆಳೆಯುವಂತೆ, ತಂತಿಯೊಳಗಿನ ತಾಮ್ರದ ಎಳೆಗಳ ಸಂದಿಯಲ್ಲಿ ನೀರು ಏರುತ್ತದೆ. 0.1 ಮಿ.ಮೀ. ತ್ರಿಜ್ಯದ ಶುಚಿಯಾದ ಗಾಜಿನ ನಾಳದಲ್ಲಿ ನೀರು ಸುಮಾರು 15 ಸೆಂ.ಮೀ. ಏರಬಲ್ಲದು. ಹೆಚ್ಚಿನ ದೀಪವನ್ನೊ ಹಾರನ್ನನ್ನೊ ಸೇರಿಸುವುದಕ್ಕಾಗಿ ತಂತಿಯ ಸಿಪ್ಪೆ ಸುಲಿದು ಟೇಪು ಸುತ್ತಿದ ಕಡೆಯಲ್ಲೆಲ್ಲ ಇಂಥ ಬತ್ತಿಗಳು ಸಿದ್ಧವಾಗಿರುತ್ತವೆ.

ಒಳಹೊಕ್ಕ ನೀರು ರಾತ್ರಿಯೆಲ್ಲ ಸುಮ್ಮನಿರುವುದಿಲ್ಲ. ಬೀಗದಕೈಯನ್ನು ತೆಗೆದ ಮೇಲೂ ಗಾಡಿಯ ಕೆಲವು ತಂತಿಗಳಲ್ಲಿ ಬ್ಯಾಟರಿಯ 12 ವೋಲ್ಟು ಇದ್ದೇ ಇರುತ್ತದೆ. ಅಂಥ ತಂತಿಯ ತುದಿಯೂ ಬೇರೊಂದು ತಂತಿಯ ತುದಿಯೂ ಒಂದೇ ಉಪ್ಪು ಹನಿಯಲ್ಲಿ ಅದ್ದಿದ್ದರೆ ಅಲ್ಲಿ ವಿದ್ಯುದ್ವಿಭಜನೆ ಮೊದಲಾಗುತ್ತದೆ. ಧನ ತುದಿಯ ತಾಮ್ರವು ಕರಗಿ ಅಯಾನುಗಳಾಗಿ ಪಕ್ಕದ ತುದಿಯತ್ತ ಚಲಿಸುತ್ತದೆ. ನಡುವೆ ಹಸಿರು ಕಿಲುಬು ಬೆಳೆಯುತ್ತದೆ. ವಾಚಕರು ಇದನ್ನು ಸ್ವತಃ ನೋಡಬಹುದು. ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕಿ, 9 ವೋಲ್ಟಿನ ಒಣಕೋಶಕ್ಕೆ ಸೇರಿಸಿದ ಎರಡು ತಾಮ್ರದ ತಂತಿಗಳನ್ನು ಒಂದಕ್ಕೊಂದು ತಗುಲದಂತೆ ಅದ್ದಿ, ಕಿಟಕಿ ತೆರೆದಿಟ್ಟು ಅರ್ಧ ಗಂಟೆ ಗಮನಿಸಿ. ಒಂದರ ಬಳಿ ಗುಳ್ಳೆಗಳು ಏಳುವುದನ್ನೂ, ಇನ್ನೊಂದು ಸವೆದು ನೀರು ಬಣ್ಣಗೆಡುವುದನ್ನೂ ಕಾಣುವಿರಿ. ಮನೆಯ ಗೋಡೆಯ ವಿದ್ಯುತ್ತನ್ನು ಈ ಪ್ರಯೋಗಕ್ಕೆ ಎಂದಿಗೂ ಉಪಯೋಗಿಸಕೂಡದು.

ನಮ್ಮ ಜೀಪಿನ ಮೆಕ್ಯಾನಿಕ್ ಪಾದಗಳ ಬಳಿಯಲ್ಲಿದ್ದ ಒಂದು ಕಪ್ಲರನ್ನು ಬಿಚ್ಚಿ, "ನೋಡಿ ಸ್ವಾಮಿ, ಕಳ್ಳ ಇಲ್ಲೇ ಕೂತವ್ನೆ" ಎಂದು ತೋರಿಸಿದರು. ಒಳಗೆ ಇದ್ದದ್ದು ಎರಡೋ ಮೂರೋ ಹನಿ ಹಸಿರು ನೀರು. ಸದಾ 12 ವೋಲ್ಟಿರುವ ತುದಿಗೂ ಪೆಡಲಿನ ಸೂಚನೆಯ ತುದಿಗೂ ನಡುವೆ ಕಿಲುಬಿನ ಸೇತುವೆ ಕಟ್ಟಿತ್ತು. ಮಳೆ ಬರುತ್ತಿದ್ದಾಗ ಇಲ್ಲದ ಈ ಸೇತುವೆಯು ಒಂದು ರಾತ್ರಿಯ ಕೆಲಸ. ಪೆಡಲಿನ ಸೂಚನೆಗಳು ತಾಳೆ ತಪ್ಪಿದ್ದು ಇದರಿಂದಲೇ.

ಪೆಟ್ಟಿಗೆಗಳ ರಕ್ಷಣೆಯನ್ನು ಅಳೆಯುವುದಕ್ಕೆ ಐ.ಪಿ. ಎಂಬ ಅಂತರರಾಷ್ಟ್ರೀಯ ಮಾನವಿದೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐ.ಪಿ. 54 ಎಂದರೆ ಎಲ್ಲ ದಿಕ್ಕಿನಿಂದಲೂ ಸಿಡಿಯುವ ನೀರನ್ನು ತಡೆದೀತು, ಐ.ಪಿ. 67 ಎಂದರೆ 1 ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿದ್ದರೂ ಕೆಡದು. ಆದರೆ ಈ ಪರೀಕ್ಷೆಗಳು ನಡೆಯುವುದು ಹೊಸ ವಸ್ತುಗಳ ಮೇಲೆ. ಮುಳುಗಿಸುವ ಪರೀಕ್ಷೆಯಲ್ಲಿ ನೀರಿನ ಉಷ್ಣತೆಗೂ ವಸ್ತುವಿನ ಉಷ್ಣತೆಗೂ ಹೆಚ್ಚು ಅಂತರವಿರದಂತೆ ನೋಡಿಕೊಳ್ಳುತ್ತಾರೆ. ನಮ್ಮ ಮೇ ತಿಂಗಳ ಮಳೆ ಅಂಥ ದಾಕ್ಷಿಣ್ಯವನ್ನು ತೋರುವುದಿಲ್ಲ. ಇದನ್ನರಿತ ಎಂಜಿನಿಯರುಗಳು ಹಲವು ಪೆಟ್ಟಿಗೆಗಳಿಗೆ ಟೆಫ್ಲಾನಿನ ಸೂಕ್ಷ್ಮರಂಧ್ರಗಳ ಪೊರೆಯೊಂದನ್ನು ಕೂರಿಸುತ್ತಾರೆ. ಅದು ಗಾಳಿಯನ್ನು ಒಳಹೊರಗೆ ಆಡಗೊಟ್ಟು, ನೀರಿನ ಹನಿಯನ್ನು ತಡೆಯುತ್ತದೆ. ಪೆಟ್ಟಿಗೆ ಉಸಿರಾಡಬಲ್ಲುದಾದ್ದರಿಂದ ನೀರನ್ನು ಹೀರುವುದಿಲ್ಲ. 2020ರಲ್ಲಿ ಬಂದ ಹೊಸ ಥಾರ್ ಜೀಪಿನ ನೆಲದಲ್ಲಿ ನೀರು ಬಸಿದುಹೋಗಲು ಬಿರಟೆಗಳಿರುವುದೂ ಇದೇ ವಿವೇಕದಿಂದ. ನೀರನ್ನು ತಡೆಯುವುದು ಅರ್ಧ ಕೆಲಸ. ಬಂದ ನೀರಿಗೆ ಹೋಗುವ ದಾರಿಯನ್ನು ಬಿಡುವುದು ಉಳಿದರ್ಧ.

ಜೀಪನ್ನು ಬೇಸಾಯಕ್ಕೂ ಬಳಸುವವರು ಇನ್ನೊಂದು ಮಾತನ್ನು ನೆನಪಿಡಬೇಕು. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯವು ಮಳೆಗಾಲದಲ್ಲಿ ಕುದುರೆಲಾಯಗಳಲ್ಲಿ ಇರಿಸಿದ್ದ ಹಿತ್ತಾಳೆಯ ತೋಟಾಗಳು ತಾವಾಗಿಯೇ ಬಿರುಕುಬಿಡುತ್ತಿದ್ದವು. ಕುದುರೆಯ ಮೂತ್ರದಿಂದ ಏಳುವ ಅಮೋನಿಯವೂ ಲೋಹದಲ್ಲಿ ಉಳಿದಿದ್ದ ಬಿಗಿತವೂ ಸೇರಿ ಹೀಗಾಗುತ್ತದೆಂದು 1921ರಲ್ಲಿ ತಿಳಿದುಬಂತು. ತಂತಿಗಳ ತುದಿಗೆ ಹಾಕುವ ಹಿಡಿಕೆಗಳೂ ಬಹುಮಟ್ಟಿಗೆ ಹಿತ್ತಾಳೆಯವೇ. ಹರಿದ ಗೊಬ್ಬರದ ಮೂಟೆಯನ್ನು ಹೊತ್ತ ಜೀಪನ್ನು ಗುಡಿಸದೆ ಮಳೆಗೆ ಒಡ್ಡುವುದು ಅದೇ ರೋಗವನ್ನು ಆಹ್ವಾನಿಸಿದಂತೆ.

ಹಾಗಾದರೆ ಮಾಡಬೇಕಾದದ್ದೇನು? ತಂತಿಯನ್ನು ಕಪ್ಲರಿಗೆ ಸೇರುವ ಮೊದಲು ಸ್ವಲ್ಪ ಕೆಳಕ್ಕೆ ಜೋಲುಬಿಡಬೇಕು. ಸೂರಿನಿಂದ ತೊಟ್ಟಿಕ್ಕುವಂತೆ ನೀರು ಅಲ್ಲಿಂದಲೇ ಕೆಳಗೆ ಬೀಳುತ್ತದೆ. ಗಾಡಿಯೊಳಕ್ಕೆ ರಭಸದ ನೀರನ್ನು ಬಿಟ್ಟು ತೊಳೆಯಬಾರದು. ಚೆನ್ನಾಗಿ ನೆನೆದ ಗಾಡಿಯನ್ನು ಹಾಗೆಯೇ ನಿಲ್ಲಿಸುವ ಬದಲು, ಬೀಗದಕೈ ತೆಗೆದು ಕೆಲವು ನಿಮಿಷ ಕಾದು, ಬ್ಯಾಟರಿಯ ಋಣ ತುದಿಯನ್ನು ಬಿಚ್ಚಬೇಕು. ವಿದ್ಯುತ್ತಿಲ್ಲದ ನೀರು ಬರಿಯ ನೀರು. ವಿದ್ಯುತ್ತಿರುವ ನೀರು ಲೋಹವನ್ನು ತಿನ್ನುವ ಬಾಯಿ. ಅನಂತರ ಕಪ್ಲರುಗಳನ್ನು ಬಿಚ್ಚಿ ಗಾಳಿಯಾಡಿಸಬೇಕು, ಬೆಂಕಿಯ ಕಾವು ತೋರಿಸಕೂಡದು. ಹಳದಿ ಬಣ್ಣದ ಕಪ್ಲರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದವು. ಅವನ್ನು ತಿಳಿದವರೇ ಮುಟ್ಟತಕ್ಕದ್ದು.

ಪ್ರವಾಹದ ದಿನಗಳಲ್ಲಿ ಈ ತಿಳಿವಳಿಕೆಗೆ ಬೆಲೆ ಹೆಚ್ಚು. 2019ರ ಆಗಸ್ಟಿನಲ್ಲಿ ಕಬಿನಿ ಜಲಾಶಯದಿಂದ ಬಿಟ್ಟ ನೀರು ನಂಜನಗೂಡಿನ ಬಳಿ ಮೈಸೂರು ರಸ್ತೆಯನ್ನೇ ಮುಚ್ಚಿತ್ತು. ಅಂಥ ಹೊತ್ತಿನಲ್ಲಿ ಎತ್ತರದ ಜೀಪೇ ಮುದುಕರಿಗೂ ರೋಗಿಗಳಿಗೂ ಆಸರೆ. ಕೆಸರು ನೀರಿನಲ್ಲಿ ಮುಳುಗಿದ ಗಾಡಿಯ ಬೀಗದಕೈಯನ್ನು ಆತುರದಿಂದ ತಿರುಗಿಸಿದರೆ ಕಂಪ್ಯೂಟರು, ಎಂಜಿನ್ನುಗಳೆರಡೂ ಹಾಳಾದಾವು. ಮೊದಲು ವಿದ್ಯುತ್ತನ್ನು ಕಡಿದು, ಕೆಸರನ್ನು ಶುದ್ಧ ಜಲದಿಂದ ತೊಳೆಯಿಸಿ, ಪೂರ್ತಿ ಒಣಗಿಸಿದ ಮೇಲೆಯೇ ತಿರುಗಿಸಬೇಕು. ನೀರಿನಿಂದ ಕೆಟ್ಟದ್ದನ್ನು ಮತ್ತೆ ನೀರಿನಿಂದ ತೊಳೆಯುವುದೇ ಎಂದು ಕೆಲವರು ನಕ್ಕಾರು. ಕೆಡಿಸಿದ್ದು ನೀರಲ್ಲ, ನೀರು ಬಿಟ್ಟುಹೋಗುವ ಉಪ್ಪು ಎಂಬುದನ್ನು ಬಲ್ಲವರು ನಗುವುದಿಲ್ಲ.

ನಮ್ಮ ಮಿತ್ರರು ಈಗಲೂ ಮೇಲುಹೊದಿಕೆಯಿಲ್ಲದೆಯೇ ತಿರುಗುತ್ತಾರೆ. ಆದರೆ ಮಳೆಯಲ್ಲಿ ನೆನೆದು ಮನೆಗೆ ಬಂದರೆ, ತಾವು ತಲೆ ಒರೆಸಿಕೊಳ್ಳುವ ಮೊದಲು ಸ್ಪ್ಯಾನರನ್ನು ಹುಡುಕುತ್ತಾರೆ.