ಗಿಟ್ ಯಾಕೆ ‘ಖರೇನ ಅಳಿಸಲಾ?’ ಅಂತ ಕೇಳಲಿಲ್ಲ?

ಹುಬ್ಬಳ್ಳಿಯಿಂದ ಮಾತಾಡ್ಲಿಕತ್ತೀನಿ. ಹೋದ ತಿಂಗಳು ನಮ್ಮ ಅಜ್ಜಿ ಜೊತೆ ಒಂದು ಸಂಚಿಕೆ ರೆಕಾರ್ಡ್ ಮಾಡಿದ್ದೆ. ಅದರ ಬರಹರೂಪವನ್ನು ಅಜ್ಜಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮೂರು ತಾಸು ತಿದ್ದಿದೆ. ಆಮೇಲೆ ಇನ್ನೊಂದು ಫೈಲ್‌ನಲ್ಲಿ ಆದ ಗೊಂದಲ ಸರಿಮಾಡೋಣ ಅಂತ, ನೆಟ್ಟಿನಲ್ಲಿ ಸಿಕ್ಕ ಕಮಾಂಡ್ ಒಂದನ್ನು ಹೊಡೆದೆ: ‘ಗಿಟ್ ಚೆಕ್‌ಔಟ್ ಡಾಟ್’. ಮೂರು ತಾಸಿನ ತಿದ್ದುಪಡಿ ಮಾಯ! ‘ಖರೇನ ಅಳಿಸಲಾ?’ ಅಂತ ಗಿಟ್ ಒಂದು ಮಾತೂ ಕೇಳಲಿಲ್ಲ.

ಗಿಟ್ ಅಂದ್ರೆ ಫೈಲ್‌ಗಳ ಬದಲಾವಣೆಯ ಇತಿಹಾಸ ಇಟ್ಟುಕೊಳ್ಳುವ ಸಾಫ್ಟ್‌ವೇರ್. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಕೆಲಸಕ್ಕೆ ಬರೆದದ್ದು. ನಾನು ಬಿ.ಕಾಂ. ಓದಿದವ, ನನಗೆ ಇದು ಲೆಕ್ಕದ ಪುಸ್ತಕ ಇದ್ದ ಹಾಗೆ. ‘ಕಮಿಟ್’ ಅಂದ್ರೆ ಎಂಟ್ರಿ ಹಾಕೋದು. ಎಂಟ್ರಿ ಆದದ್ದು ಕೈತಪ್ಪಿದರೂ ‘ರಿಫ್ಲಾಗ್’ ನೋಡಿ ಸಾಮಾನ್ಯವಾಗಿ 30 ದಿನದವರೆಗಾದರೂ ಹುಡುಕಿ ತೆಗೆಯಬಹುದು. ನಾನು ಕಮಿಟ್ ಇರಲಿ, ‘ಗಿಟ್ ಆ್ಯಡ್’ ಕೂಡ ಮಾಡಿರಲಿಲ್ಲ. ಪುಸ್ತಕಕ್ಕೇ ಏರದ ಲೆಕ್ಕ ಅದು.

ತಪ್ಪು ನಂದು, ಹೌದ್ರೀ. ಆದರೆ ಕಮಾಂಡಿನದೂ ಸ್ವಲ್ಪ ಪಾಲಿದೆ. ‘ಚೆಕ್‌ಔಟ್’ ಎರಡು ಬೇರೆಬೇರೆ ಕೆಲಸ ಮಾಡುತ್ತೆ. ಒಂದು, ಬ್ರಾಂಚ್ ಬದಲಿಸೋದು. ಅಲ್ಲಿ ನಿಮ್ಮ ತಿದ್ದುಪಡಿ ಅಳಿಸಿಹೋಗುವಂತಿದ್ದರೆ ಅದು ತಾನೇ ನಿಲ್ಲುತ್ತೆ. ಎರಡು, ಫೈಲಿನ ತಿದ್ದುಪಡಿ ಬಿಸಾಡೋದು. ಅಲ್ಲಿ ಕೇಳೋದೇ ಇಲ್ಲ. ಅದಕ್ಕೇ 2019ರ ಆಗಸ್ಟ್‌ನಲ್ಲಿ, 2.23ನೇ ಆವೃತ್ತಿಯಲ್ಲಿ, ‘ಸ್ವಿಚ್’ ಮತ್ತು ‘ರಿಸ್ಟೋರ್’ ಅಂತ ಎರಡು ಹೊಸ ಕಮಾಂಡ್ ಬಂದವು. ‘ರಿಸ್ಟೋರ್’ ಕೂಡ ಪ್ರಶ್ನೆ ಕೇಳಲ್ಲ. ಆದರೆ ಬ್ರಾಂಚ್ ಬದಲಿಸಲು ಹೋಗಿ ಫೈಲ್ ಕಳಕೊಳ್ಳೋದು ತಪ್ಪುತ್ತೆ.

ಇನ್ನು ಡೀಫಾಲ್ಟ್. ನಮ್ಮ ಖಾನಾವಳಿಯಲ್ಲಿ ಕೂತು ‘ಒಂದು ಊಟ’ ಅಂದ್ರೆ ಜೋಳದ ರೊಟ್ಟಿ ಬರ್ತದ. ಚಪಾತಿ ಬೇಕಂದ್ರೆ ಬಾಯಿಬಿಟ್ಟು ಹೇಳಬೇಕು. ನಾವು ಏನೂ ಹೇಳದಿದ್ದಾಗ ಸಿಗೋದೇ ಡೀಫಾಲ್ಟ್. ಹೊಸಬರು ಏನೂ ಹೇಳಲ್ಲ, ಯಾಕಂದ್ರೆ ಹೇಳೋಕೆ ಏನಿದೆ ಅನ್ನೋದೇ ಅವರಿಗೆ ಗೊತ್ತಿರಲ್ಲ. ಹಾಗಾಗಿ ಡೀಫಾಲ್ಟ್ ಅವರನ್ನು ನೋಡಿ ಇಡಬೇಕು. ಗೊತ್ತಿದ್ದವರು ಒಂದು ಪದ ಜಾಸ್ತಿ ಟೈಪ್ ಮಾಡಲಿ.

ಮೊದಲು ಬರೀ ‘ಗಿಟ್ ಪುಶ್’ ಅಂದ್ರೆ, ಎರಡೂ ಕಡೆ ಒಂದೇ ಹೆಸರಿನ ಬ್ರಾಂಚ್ ಎಷ್ಟಿದ್ದರೂ ಎಲ್ಲವನ್ನೂ ಕಳಿಸುತ್ತಿತ್ತು. ಅರ್ಧಂಬರ್ಧ ಕೆಲಸವೂ ಸರ್ವರ್‌ಗೆ ಹೋಗುತ್ತಿತ್ತು. 2014ರ ಮೇನಲ್ಲಿ ಬಂದ ಗಿಟ್ 2.0ರಿಂದ ನೀವಿರುವ ಬ್ರಾಂಚ್ ಮಾತ್ರ ಹೋಗುತ್ತೆ. ಇದನ್ನು ರಾತ್ರೋರಾತ್ರಿ ಬದಲಿಸಲಿಲ್ಲ. ಹಳೇ ನಡವಳಿಕೆ ನಂಬಿದ ಸ್ಕ್ರಿಪ್ಟ್‌ಗಳು ಕೆಡಬಾರದು ಅಂತ ಮೊದಲೇ ಎಚ್ಚರಿಕೆ ತೋರಿಸುತ್ತಾ ಬಂದರು.

ಆದರೆ ಸುರಕ್ಷಿತ ಅಂದ್ರೆ ಸುಲಭ ಅಂತಲ್ಲ. 2021ರಿಂದ, ನಿಮ್ಮ ಕಮಿಟ್‌ಗಳೂ ಸರ್ವರ್‌ನವೂ ಬೇರೆ ದಾರಿ ಹಿಡಿದಿದ್ದರೆ ‘ಗಿಟ್ ಪುಲ್’ ತಾನೇ ತೀರ್ಮಾನ ಮಾಡದೆ ನಿಲ್ಲುತ್ತೆ: ಮರ್ಜ್ ಮಾಡಲೋ, ರೀಬೇಸ್ ಮಾಡಲೋ? ಫೈಲ್ ಉಳಿಯುತ್ತೆ, ಹೊಸಬರ ತಲೆ ಮಾತ್ರ ಗಿರ್ ಅನ್ನುತ್ತೆ.

ಲೆಕ್ಕಪತ್ರದಲ್ಲಿ ಇದನ್ನು ಕಾನೂನೇ ಬಿಗಿ ಮಾಡಿದೆ. 2023ರ ಏಪ್ರಿಲ್ 1ರಿಂದ ನಮ್ಮ ದೇಶದ ಕಂಪನಿಗಳು ಬಳಸುವ ಅಕೌಂಟಿಂಗ್ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯ ಜಾಡು ಇಡಬೇಕು, ಅದನ್ನು ಆಫ್ ಮಾಡುವಂತಿರಬಾರದು. ಗಿಟ್‌ನಲ್ಲಿ ಆ ಶಿಸ್ತು ನಮ್ಮದೇ. ಗೊತ್ತಿಲ್ಲದ ಕಮಾಂಡ್ ಹೊಡೆಯುವ ಮೊದಲು ಒಂದು ಕಮಿಟ್ ಮಾಡ್ರಿ, ಇಲ್ಲಾ ‘ಗಿಟ್ ಸ್ಟ್ಯಾಶ್’ ಅನ್ರಿ.

ಅಜ್ಜಿ ಮತ್ತೊಮ್ಮೆ ಕೂತರು. ಮೊದಲ ಪುಟ ಮುಗಿದ ಕೂಡಲೇ ಅವರೇ ಕೇಳಿದರು: ‘ತಮ್ಮಾ, ಇಷ್ಟು ಆತಲ್ಲ, ಎಂಟ್ರಿ ಹಾಕಿದೇನು?’