ಅಜ್ಜನ ಕಣ್ಣಿನ ಹನಿ ಮೊಮ್ಮಗನಿಗೆ ಬೇಡ

ಭತ್ತ ಒಕ್ಕುವಾಗ ಹೊಟ್ಟು ಹಾರಿ ಕಣ್ಣಿಗೆ ಬಿದ್ದರೆ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಗೀರುತ್ತದೆ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಮೇಲಿನ ಸಣ್ಣ ಗೀರು ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಕಲೆಯಿಲ್ಲದೆ ಮಾಯುತ್ತದೆ. ಗಾಯ ಆಳವಾದರೆ ಬಿಳಿ ಕಲೆ ಉಳಿದು ದೃಷ್ಟಿ ಮಂಜಾಗಬಹುದು.

ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಜೀವಕೋಶದೊಳಗೆ ಅದಕ್ಕೆಂದೇ ‘ಗ್ರಾಹಕ’ ಇದೆ. (ಬ್ಯಾಂಕಿನ ಗ್ರಾಹಕರಲ್ಲ, ಮಕ್ಕಳೇ!) ಹಾರ್ಮೋನು ಕೀಲಿಕೈ, ಗ್ರಾಹಕ ಬೀಗ. ಎರಡೂ ಕೂಡಿ ಕೋಶಕೇಂದ್ರಕ್ಕೆ ಹೋಗಿ, ಉರಿಯೂತ ತಗ್ಗಿಸುವ ಆಜ್ಞೆ ಕೊಡುತ್ತವೆ.

ಪೊರೆಯ ಶಸ್ತ್ರಚಿಕಿತ್ಸೆಯ ನಂತರ ಅಜ್ಜ ಅಜ್ಜಿಯರಿಗೆ ಕೊಡುವ ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್ ಹನಿಗಳು ಅದೇ ಬೀಗಕ್ಕೆ ಹೊಂದುವ, ಮನುಷ್ಯ ತಯಾರಿಸಿದ ಕೀಲಿಕೈಗಳು. ಊತ ಇಳಿಯುತ್ತದೆ, ಕಲೆಯೂ ಕಡಿಮೆಯಾಗುತ್ತದೆ. ಆದರೆ ಗಾಯ ಮಾಯುವುದು ನಿಧಾನವಾಗುತ್ತದೆ, ಸೋಂಕನ್ನು ತಡೆಯುವ ಶಕ್ತಿಯೂ ಕುಗ್ಗುತ್ತದೆ. ಹೊಟ್ಟಿನ ಜೊತೆ ಶಿಲೀಂಧ್ರ ಹೊಕ್ಕಿದ್ದರೆ ಈ ಹನಿ ಬೆಂಕಿಗೆ ತುಪ್ಪ ಸುರಿದಂತೆ. ವಾರಗಟ್ಟಲೆ ಹಾಕಿದರೆ ಕೆಲವರಿಗೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು.

ಆದ್ದರಿಂದ ಬಾಟಲಿಯಲ್ಲಿ ನಾಲ್ಕು ಹನಿ ಉಳಿದಿದೆಯೆಂದು ಮೊಮ್ಮಗನ ಕೆಂಪು ಕಣ್ಣಿಗೆ ಹಾಕಬೇಡಿ. ಕಣ್ಣು ಉಜ್ಜದೆ, ಶುದ್ಧ ನೀರಿನಲ್ಲಿ ತೊಳೆದು, ಕಣ್ಣಿನ ವೈದ್ಯರಿಗೆ ತೋರಿಸಿ. ಅಜ್ಜನೂ ಅಷ್ಟೇ, ವೈದ್ಯರು ಹೇಳಿದಷ್ಟು ದಿನ ಹಾಕಿಕೊಂಡರೆ ಸಾಕು.