ಕೈ ಚಾಚಿದವರೆಲ್ಲ ಕ್ರಿಸ್ತರಲ್ಲ

ದೊಡ್ಡದೊಂದು ಸೂಪರ್‌ಹೀರೊ ಚಿತ್ರ ಬಿಡುಗಡೆಯಾದರೆ ಸಾಕು, ಚರ್ಚಿನ ಯುವಜನ ಕೂಟಗಳಲ್ಲಿ ಹುಡುಕಾಟ ಶುರುವಾಗುತ್ತದೆ. ನಾಯಕ ಎಲ್ಲಿ ಕೈ ಚಾಚಿದ, ಎಲ್ಲಿ ಸತ್ತು ಎದ್ದ, ಯಾವ ಮಾತು ಸುವಾರ್ತೆಯ ಯಾವ ವಾಕ್ಯಕ್ಕೆ ಹೊಂದುತ್ತದೆ. ನಾವೂ ಈ ಪಟ್ಟಿ ಮಾಡಿದವರೇ. ಪಟ್ಟಿ ಮಾಡುವುದರಲ್ಲಿ ತಪ್ಪೇನಿಲ್ಲ, ಮಕ್ಕಳು ನಿದ್ದೆ ಮಾಡದೆ ಕೇಳುತ್ತಾರೆ. ಆದರೆ ಪಾಪ, ಕ್ಷಮೆಯ ಬಗ್ಗೆ ಈ ಚಿತ್ರಗಳು ನಿಜಕ್ಕೂ ಹೇಳುವುದು ಒಂದು, ನಾವು ಅವುಗಳ ಬಾಯಿಂದ ಹೇಳಿಸುವುದು ಇನ್ನೊಂದು. ಪದೇ ಪದೇ ಕೇಳಿಬರುವ ಕೆಲವು ನಂಬಿಕೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಸೂಪರ್‌ಮ್ಯಾನ್ ಹುಟ್ಟಿದ್ದೇ ಕ್ರಿಸ್ತನ ಪ್ರತಿರೂಪವಾಗಿ. ಮೇಲಿನ ಲೋಕದ ತಂದೆ ತನ್ನ ಒಬ್ಬನೇ ಮಗನನ್ನು ಭೂಮಿಗೆ ಕಳಿಸಿದ ಎಂಬ ಕಥೆಗೆ ಬೇರೆ ಅರ್ಥವೇ ಇಲ್ಲ.

ವಾಸ್ತವ: ಸೂಪರ್‌ಮ್ಯಾನ್‌ನನ್ನು ಕಲ್ಪಿಸಿದವರು ಅಮೆರಿಕದ ಕ್ಲೀವ್‌ಲ್ಯಾಂಡಿನ ಇಬ್ಬರು ಯಹೂದಿ ತರುಣರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್. ಇಬ್ಬರೂ ವಲಸೆ ಬಂದವರ ಮಕ್ಕಳು. 1938ರಲ್ಲಿ ಆಕ್ಷನ್ ಕಾಮಿಕ್ಸ್‌ನ ಮೊದಲ ಸಂಚಿಕೆಯಲ್ಲಿ ಅವರ ನಾಯಕ ಕಾಣಿಸಿಕೊಂಡ. ಸಾವಿನಿಂದ ಪಾರುಮಾಡಲು ಕೂಸನ್ನು ಪುಟ್ಟದೊಂದು ವಾಹನದಲ್ಲಿಟ್ಟು ಕಳಿಸುತ್ತಾರೆ, ಅದು ಪರರ ಮನೆಯಲ್ಲಿ ಬೆಳೆಯುತ್ತದೆ. ಹಳೆಯ ಒಡಂಬಡಿಕೆ ಓದಿದವರಿಗೆ ಇಲ್ಲಿ ಮೊದಲು ನೆನಪಾಗುವವನು ಆಪಿನ ಪೆಟ್ಟಿಗೆಯಲ್ಲಿ ನೈಲ್ ನದಿಯ ಅಂಚಿಗೆ ಸೇರಿದ ಮೋಶೆ.

ಕ್ರೈಸ್ತ ಬಣ್ಣ ಬಂದದ್ದು ಮುಖ್ಯವಾಗಿ ಸಿನಿಮಾದವರ ಕೈಯಿಂದ. 1978ರ ರಿಚರ್ಡ್ ಡಾನರ್ ಚಿತ್ರದಲ್ಲಿ ತಂದೆಯ ಪಾತ್ರದ ಮರ್ಲಾನ್ ಬ್ರ್ಯಾಂಡೊ ತನ್ನ ಒಬ್ಬನೇ ಮಗನನ್ನು ಮನುಷ್ಯರಿಗಾಗಿ ಕಳಿಸುವ ಮಾತಾಡುತ್ತಾನೆ. 2006ರ ಸೂಪರ್‌ಮ್ಯಾನ್ ರಿಟರ್ನ್ಸ್‌ನಲ್ಲಿ ನಾಯಕ ತೋಳು ಚಾಚಿಕೊಂಡು ಆಕಾಶದಿಂದ ಬೀಳುತ್ತಾನೆ. 2013ರ ಮ್ಯಾನ್ ಆಫ್ ಸ್ಟೀಲ್‌ನಲ್ಲಿ ಅವನಿಗೆ 33 ವರ್ಷ. ಚರ್ಚಿನಲ್ಲಿ ಪಾದ್ರಿಯ ಮುಂದೆ ಕೂತಾಗ ಬೆನ್ನ ಹಿಂದಿನ ಬಣ್ಣದ ಗಾಜಿನಲ್ಲಿ ಗೆತ್ಸೆಮನೆಯ ಯೇಸು. ಆ ಚಿತ್ರವನ್ನು ವಾರ್ನರ್ ಬ್ರದರ್ಸ್ ಅಮೆರಿಕದ ಪಾದ್ರಿಗಳಿಗೆ ವಿಶೇಷವಾಗಿ ತೋರಿಸಿತು, ಭಾನುವಾರದ ಪ್ರಸಂಗಕ್ಕೆ ಒದಗುವ ಟಿಪ್ಪಣಿಗಳನ್ನೂ ಹಂಚಿತು. ಗುಟ್ಟಾದ ಸಂದೇಶವನ್ನು ಪತ್ತೆಹಚ್ಚಿದೆವು ಎಂದು ಬೀಗುವ ನಾವು, ಅದು ಪ್ರಚಾರದ ಖರ್ಚಿನಲ್ಲೇ ಸೇರಿತ್ತು ಎಂಬುದನ್ನು ಮರೆಯುತ್ತೇವೆ.

ಅದೇ ಚಿತ್ರದ ಕೊನೆಯಲ್ಲಿ ಒಂದು ಕುಟುಂಬವನ್ನು ಉಳಿಸಲು ಸೂಪರ್‌ಮ್ಯಾನ್ ಶತ್ರು ಜನರಲ್ ಝಾಡ್‌ನ ಕತ್ತು ಮುರಿಯುತ್ತಾನೆ, ಮುರಿದು ಚೀರುತ್ತಾನೆ. ಪಾಪದ ಪ್ರಶ್ನೆ ಇರುವುದು ಆ ಚೀರಾಟದಲ್ಲಿ. ಆದರೆ ಅದರ ಬಗ್ಗೆ ಮಾತಾಡುವುದು ಕಷ್ಟ, ಗಾಜಿನ ಕಿಟಕಿ ತೋರಿಸುವುದು ಸುಲಭ.

ತಪ್ಪು ಕಲ್ಪನೆ: ನಾಯಕ ಪರರಿಗಾಗಿ ಪ್ರಾಣ ಕೊಟ್ಟರೆ ಅದು ಶಿಲುಬೆಯ ಕಥೆಯೇ.

ವಾಸ್ತವ: ತ್ಯಾಗ ಎಲ್ಲ ಸಂಸ್ಕೃತಿಗಳಲ್ಲೂ ಇದೆ. ಅದನ್ನು ತಿಳಿಯಲು ನಮ್ಮೂರಿನ ವೀರಗಲ್ಲುಗಳೇ ಸಾಕು: ತುರುಗಳನ್ನು ಬಿಡಿಸಲು ಹೋಗಿ ಸತ್ತವನನ್ನೂ ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದ್ದಾರೆ. ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಪೌಲ ಈ ವ್ಯತ್ಯಾಸವನ್ನು ಸ್ಪಷ್ಟವಾಗಿಯೇ ಹೇಳಿದ್ದಾನೆ. ಒಳ್ಳೆಯವನಿಗಾಗಿ ಯಾರಾದರೂ ಸಾಯಲು ಧೈರ್ಯ ಮಾಡಿಯಾರು. ಕ್ರಿಸ್ತನು ಸತ್ತದ್ದು ಪಾಪಿಗಳಿಗಾಗಿ. ಈ ಅಳತೆಯಲ್ಲಿ 2019ರ ಅವೆಂಜರ್ಸ್: ಎಂಡ್‌ಗೇಮ್ ನೋಡಿ. ಟೋನಿ ಸ್ಟಾರ್ಕ್ ಚಿಟಿಕೆ ಹೊಡೆದು ಸಾಯುತ್ತಾನೆ, ಲೋಕ ಉಳಿಯುತ್ತದೆ, ನಮ್ಮ ಕಣ್ಣು ಒದ್ದೆಯಾಗುತ್ತದೆ. ಆದರೆ ಅದೇ ಚಿಟಿಕೆಗೆ ಖಳನಾಯಕ ಥಾನೋಸ್ ಮತ್ತು ಅವನ ಸೈನ್ಯವೆಲ್ಲ ದೂಳಾಗುತ್ತದೆ. ಅದು ಯೋಧನ ಬಲಿದಾನ, ಅದಕ್ಕೆ ಅದರದೇ ಘನತೆ ಇದೆ. ಅಲ್ಲಿ ಶತ್ರುವಿಗೆ ಕ್ಷಮೆ ಮಾತ್ರ ಇಲ್ಲ.

ಹತ್ತಿರ ಬರುವ ಚಿತ್ರ ಬೇಕೆಂದರೆ 2021ರ ಸ್ಪೈಡರ್‌ಮ್ಯಾನ್: ನೋ ವೇ ಹೋಮ್. ಬೇರೆ ಲೋಕಗಳಿಂದ ಬಂದ ಖಳರನ್ನು ವಾಪಸು ಕಳಿಸಿದರೆ ಅವರು ಸಾಯುತ್ತಾರೆ. ಕಳಿಸಿಬಿಡು ಎನ್ನುವುದು ಮಾಂತ್ರಿಕ ಡಾಕ್ಟರ್ ಸ್ಟ್ರೇಂಜ್‌ನ ಲೆಕ್ಕ. ಸ್ಪೈಡರ್‌ಮ್ಯಾನ್ ಆಗಿರುವ ಪೀಟರ್ ಪಾರ್ಕರ್ ಒಪ್ಪುವುದಿಲ್ಲ, ಅವರನ್ನು ಗುಣಪಡಿಸಲು ಹೊರಡುತ್ತಾನೆ. ಅದರ ಬೆಲೆಯಾಗಿ ಮೇ ಚಿಕ್ಕಮ್ಮ ಸಾಯುತ್ತಾಳೆ. ಅವಳನ್ನು ಕೊಂದ ಖಳ ಗಾಬ್ಲಿನ್ ಮೇಲೆ ಪೀಟರ್ ಅವನದೇ ಆಯುಧ ಎತ್ತಿದಾಗ, ಬೇರೊಂದು ಲೋಕದಿಂದ ಬಂದ ಹಿರಿಯ ಪೀಟರ್ ನಡುವೆ ಬಂದು ನಿಲ್ಲುತ್ತಾನೆ, ಬೈಯುವುದಿಲ್ಲ, ಬೋಧಿಸುವುದಿಲ್ಲ, ಸುಮ್ಮನೆ ತಡೆಯುತ್ತಾನೆ. ಕಿರಿಯವನು ಆಯುಧ ಬಿಟ್ಟು ಮದ್ದು ಚುಚ್ಚುತ್ತಾನೆ. ಶತ್ರುವನ್ನು ಉಳಿಸಲು ನಾಯಕ ಸ್ವಂತದ್ದನ್ನು ಕಳೆದುಕೊಳ್ಳುವುದು ಈ ಪ್ರಕಾರದಲ್ಲಿ ಅಪರೂಪ.

ಇಲ್ಲೂ ಒಂದು ತೊಡಕಿದೆ. ಮದ್ದು ಚುಚ್ಚಿದ ಕೂಡಲೇ ಗಾಬ್ಲಿನ್ ಆಗಿದ್ದ ನಾರ್ಮನ್ ಓಸ್ಬಾರ್ನ್ ಒಳ್ಳೆಯವನಾಗುತ್ತಾನೆ. ಅಂದರೆ ಚಿತ್ರಕ್ಕೆ ಪಾಪವೊಂದು ಕಾಯಿಲೆ. ಕಾಯಿಲೆಗೆ ಚಿಕಿತ್ಸೆ ಬೇಕು, ಪಶ್ಚಾತ್ತಾಪ ಬೇಕಿಲ್ಲ. ರೋಗಿಯ ಒಪ್ಪಿಗೆಯನ್ನೂ ಯಾರೂ ಕೇಳಲಿಲ್ಲ. ಕಣ್ಣು ಬಿಟ್ಟವನು ತಾನೇನು ಮಾಡಿಬಿಟ್ಟೆ ಎಂದು ಗಾಬರಿಯಾಗುತ್ತಾನಲ್ಲ, ಕ್ರೈಸ್ತ ಪಾಠ ಅಲ್ಲಿಂದ ಶುರುವಾಗಬೇಕಿತ್ತು. ಚಿತ್ರಕ್ಕೆ ಪುರುಸೊತ್ತಿಲ್ಲ.

ತಪ್ಪು ಕಲ್ಪನೆ: ಪರರ ತಪ್ಪನ್ನು ತನ್ನ ಮೇಲೆ ಹಾಕಿಕೊಂಡ ಬ್ಯಾಟ್‌ಮ್ಯಾನ್ ಪಾಪ ಹೊತ್ತ ಕುರಿಮರಿಯ ಸಾಕ್ಷಾತ್ ಚಿತ್ರ.

ವಾಸ್ತವ: ಕ್ರಿಸ್ಟೊಫರ್ ನೋಲನ್‌ನ ದ ಡಾರ್ಕ್ ನೈಟ್ (2008) ಮುಗಿಯುವುದು ಹೀಗೆಯೇ. ಸರ್ಕಾರಿ ವಕೀಲ ಹಾರ್ವಿ ಡೆಂಟ್ ಮಾಡಿದ ಕೊಲೆಗಳ ಕಳಂಕವನ್ನು ಬ್ಯಾಟ್‌ಮ್ಯಾನ್ ಹೊತ್ತು ಓಡುತ್ತಾನೆ. ನೋಡಿದಾಗ ಮೈ ಜುಮ್ಮೆಂದದ್ದು ನಿಜ, ಪ್ರಸಂಗಕ್ಕೆ ಹೇಳಿ ಮಾಡಿಸಿದ ದೃಶ್ಯ ಎನಿಸಿದ್ದೂ ನಿಜ. ಆದರೆ ಯಾಜಕಕಾಂಡದ 16ನೇ ಅಧ್ಯಾಯ ತೆರೆದು ನೋಡಿ. ಯಾಜಕ ಹೋತದ ತಲೆಯ ಮೇಲೆ ಎರಡೂ ಕೈಯಿಟ್ಟು ಜನರ ಅಪರಾಧಗಳನ್ನೆಲ್ಲ ಬಾಯಿಬಿಟ್ಟು ಅರಿಕೆ ಮಾಡಬೇಕು, ಆಮೇಲೆಯೇ ಅದನ್ನು ಅಡವಿಗೆ ಬಿಡುವುದು. ಬ್ಯಾಟ್‌ಮ್ಯಾನ್‌ನ ಊರಾದ ಗಾಥಮ್‌ನಲ್ಲಿ ಯಾರೂ ಏನನ್ನೂ ಅರಿಕೆ ಮಾಡಲಿಲ್ಲ. ಡೆಂಟ್‌ನ ಪಾಪ ಪರಿಹಾರವಾಗಲಿಲ್ಲ, ಮುಚ್ಚಿಹೋಯಿತು.

ಈ ಆಕ್ಷೇಪವನ್ನು ಎತ್ತಿದವರು ದೇವಶಾಸ್ತ್ರಜ್ಞರೇ ಆಗಬೇಕಿಲ್ಲ, ನೋಲನ್‌ನೇ ಎತ್ತಿದ್ದಾನೆ. 2012ರ ದ ಡಾರ್ಕ್ ನೈಟ್ ರೈಸಸ್‌ನಲ್ಲಿ ಆ ಸುಳ್ಳಿನ ಅಡಿಪಾಯದ ಮೇಲೆ ಕಾನೂನು ಕಟ್ಟಿದ್ದಾರೆ, ಜೈಲು ತುಂಬಿಸಿದ್ದಾರೆ. ಪೊಲೀಸ್ ಅಧಿಕಾರಿ ಗಾರ್ಡನ್ ಬರೆದಿಟ್ಟ ತಪ್ಪೊಪ್ಪಿಗೆಯನ್ನು ಖಳನಾಯಕ ಬೇನ್ ಊರಿಗೆಲ್ಲ ಓದಿ ಹೇಳುತ್ತಾನೆ, ನಗರ ಕುಸಿಯುತ್ತದೆ. ಸರಿಯಾದ ಹೊತ್ತಿಗೆ ತಾವೇ ಹೇಳಬೇಕಾದದ್ದನ್ನು ಕೊನೆಗೆ ಶತ್ರು ಹೇಳಿದ. ಮೊದಲ ಚಿತ್ರದ ಕೊನೆಯ ದೃಶ್ಯವನ್ನಷ್ಟೇ ಕತ್ತರಿಸಿ ತೋರಿಸುವವರು ಈ ಎರಡನೆಯದನ್ನೂ ತೋರಿಸಬೇಕು.

ತಪ್ಪು ಕಲ್ಪನೆ: ಪಾಪ ಹೊರಗಿನಿಂದ ಅಂಟಿಕೊಳ್ಳುವ ವಸ್ತು, ಕಿತ್ತೆಸೆದರೆ ಹೋಯಿತು.

ವಾಸ್ತವ: ಸ್ಪೈಡರ್‌ಮ್ಯಾನ್ 3 (2007) ಈ ನಂಬಿಕೆಗೆ ಇಂಬು ಕೊಡುವಂತೆ ಕಾಣುತ್ತದೆ. ಆಕಾಶದಿಂದ ಬಿದ್ದ ಕಪ್ಪು ಪದಾರ್ಥ ಪೀಟರ್‌ಗೆ ಅಂಟುತ್ತದೆ, ಅವನು ಕೆಡುತ್ತಾನೆ, ಚರ್ಚಿನ ಗಂಟೆಯ ಸದ್ದಿಗೆ ಅದು ಕಳಚುತ್ತದೆ. ಆದರೆ ದೃಶ್ಯಗಳ ಕ್ರಮ ಗಮನಿಸಿ. ಜನರ ಚಪ್ಪಾಳೆಗೆ ಉಬ್ಬಿ, ಪ್ರೇಯಸಿ ಮೇರಿ ಜೇನ್ ನೋಡುತ್ತಿರುವಂತೆಯೇ ಅವನು ಗ್ವೆನ್‌ಗೆ ಮುತ್ತು ಕೊಡಲು ಬಿಡುವುದು ಕಪ್ಪು ಉಡುಪು ಬರುವುದಕ್ಕೆ ಮೊದಲು. ಅಹಂಕಾರ ಅವನೊಳಗಿನದೇ, ಉಡುಪು ಅದಕ್ಕೆ ಬಲ ಕೊಟ್ಟಿತಷ್ಟೆ. ಮನುಷ್ಯನನ್ನು ಹೊಲೆಮಾಡುವುದು ಒಳಗಿನಿಂದ ಹೊರಡುವಂಥದ್ದು ಎಂದು ಮಾರ್ಕನ 7ನೇ ಅಧ್ಯಾಯದಲ್ಲಿ ಯೇಸು ಹೇಳುವುದೂ ಇದನ್ನೇ. ಅದೇ ಚರ್ಚಿನೊಳಗೆ ಪೀಟರ್‌ನ ಎದುರಾಳಿ ಎಡ್ಡಿ ಬ್ರಾಕ್ ಪೀಟರ್‌ನನ್ನು ಕೊಲ್ಲು ಎಂದು ದೇವರನ್ನು ಬೇಡುತ್ತಾನೆ. ಕಪ್ಪು ಪದಾರ್ಥ ಅವನ ಮೇಲೆ ಬೀಳುವುದು ಆಮೇಲೆ.

ಶಝಾಮ್! (2019) ಚಿತ್ರದಲ್ಲಿ ಏಳು ಮಾರಕ ಪಾಪಗಳು ರಾಕ್ಷಸರಾಗಿ ಬರುತ್ತವೆ. ಆ ಏಳರ ಪಟ್ಟಿ ಬೈಬಲಿನಲ್ಲಿದೆ ಎಂದುಕೊಂಡವರೂ ಇದ್ದಾರೆ. ಅದು ಸನ್ಯಾಸಿಗಳ ಕೊಡುಗೆ: 4ನೇ ಶತಮಾನದ ಇವಾಗ್ರಿಯಸ್ ಎಂಟು ದುರಾಲೋಚನೆಗಳನ್ನು ಪಟ್ಟಿ ಮಾಡಿದ, 6ನೇ ಶತಮಾನದ ಕೊನೆಗೆ ಪೋಪ್ ಗ್ರೆಗೊರಿ ಅದನ್ನು ಏಳಾಗಿ ಜೋಡಿಸಿದ. ಅವರ ಉದ್ದೇಶ ಒಳಗನ್ನು ಶೋಧಿಸಿಕೊಳ್ಳುವುದಾಗಿತ್ತು, ಗುದ್ದಲು ರಾಕ್ಷಸರನ್ನು ಒದಗಿಸುವುದಲ್ಲ.

ತಪ್ಪು ಕಲ್ಪನೆ: ಮಾಡಿದ ಪಾಪಕ್ಕೆ ಸಮನಾಗಿ ಒಳ್ಳೆಯದು ಮಾಡಿದರೆ ಲೆಕ್ಕ ಚುಕ್ತಾ, ಬ್ಲ್ಯಾಕ್ ವಿಡೊ ಕಲಿಸುವ ಕ್ರೈಸ್ತ ಪಾಠ ಇದೇ.

ವಾಸ್ತವ: ಈ ನಂಬಿಕೆಗೆ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಚರ್ಚಿಗೆ ಹೋಗುವ ನಾವೂ ಒಳಗೊಳಗೆ ಇದನ್ನೇ ನಂಬಿರುತ್ತೇವೆ. 2012ರ ದ ಅವೆಂಜರ್ಸ್‌ನಲ್ಲಿ ಬ್ಲ್ಯಾಕ್ ವಿಡೊ ಆಗಿರುವ ನತಾಶಾ ತನ್ನ ಖಾತೆಪುಸ್ತಕದ ತುಂಬ ಕೆಂಪು ಬಾಕಿಯಿದೆ, ಅದನ್ನು ಅಳಿಸಬೇಕು ಎನ್ನುತ್ತಾಳೆ. ಅಷ್ಟೊಂದು ಕೆಂಪನ್ನು ನಿನ್ನಿಂದ ಅಳಿಸಲಾದೀತೇ ಎಂದು ಲೋಕಿ ಅಣಕಿಸುತ್ತಾನೆ. ಚಿತ್ರದ ಅತ್ಯಂತ ದೇವಶಾಸ್ತ್ರೀಯ ಪ್ರಶ್ನೆ ಖಳನ ಬಾಯಲ್ಲಿದೆ.

ಮತ್ತಾಯನ 18ನೇ ಅಧ್ಯಾಯದಲ್ಲಿ ಯೇಸು ಹೇಳುವ ಸಾಮತಿಯೂ ಸಾಲದ್ದೇ. ಒಬ್ಬ ಆಳು ಅರಸನಿಗೆ 10,000 ತಲಾಂತು ಕೊಡಬೇಕು. ಒಂದು ತಲಾಂತು ಎಂದರೆ ಸುಮಾರು 6,000 ದಿನಗಳ ಕೂಲಿ. ಒಟ್ಟು 6 ಕೋಟಿ ದಿನಗಳ ಕೂಲಿಯಾಯಿತು. ತಾಳಿಕೋ, ತೀರಿಸಿಬಿಡುತ್ತೇನೆ ಎಂದು ಅವನು ಬೇಡಿಕೊಳ್ಳುವುದೇ ತಮಾಷೆಯ ಮಾತು. ಅರಸ ಕಂತು ಕಟ್ಟಿಕೊಡುವುದಿಲ್ಲ, ಸಾಲವನ್ನೇ ಬಿಟ್ಟುಬಿಡುತ್ತಾನೆ. ಹೊರಗೆ ಬಂದ ಆಳು 100 ದಿನಗಳ ಕೂಲಿಯಷ್ಟು ಸಾಲ ಮಾಡಿದ ಜೊತೆಯಾಳಿನ ಕುತ್ತಿಗೆ ಹಿಡಿಯುತ್ತಾನೆ. ಕ್ಷಮೆ ಪಡೆದವನು ಕ್ಷಮಿಸದೆ ಹೋದದ್ದೇ ಸಾಮತಿಯ ಆಪಾದನೆ.

ನತಾಶಾಳ ಕಥೆಯಲ್ಲೂ ಖಾತೆ ಅಳಿಸುವ ಹಟಕ್ಕಿಂತ ಹಳೆಯದೊಂದು ಸಂಗತಿಯಿದೆ, ನಾವು ಅದನ್ನು ಗಮನಿಸುವುದಿಲ್ಲ. ಅವಳನ್ನು ಕೊಲ್ಲಲೆಂದೇ ಕ್ಲಿಂಟ್ ಬಾರ್ಟನ್‌ನನ್ನು ಕಳಿಸಿದ್ದರು. ಅವನು ಕೊಲ್ಲಲಿಲ್ಲ. ಎಂಡ್‌ಗೇಮ್‌ನಲ್ಲಿ ಅದೇ ಕ್ಲಿಂಟ್ ಹೆಂಡತಿ ಮಕ್ಕಳನ್ನು ಕಳೆದುಕೊಂಡು ಕೊಲೆಗಾರನಾಗಿ ಅಲೆದವನು. ವೊರ್ಮಿರ್ ಗ್ರಹದ ಬೆಟ್ಟದ ಅಂಚಿನಲ್ಲಿ, ಯಾರನ್ನೂ ಅವರ ಅತಿ ಕೆಟ್ಟ ತಪ್ಪಿನಿಂದ ಅಳೆಯುವುದಿಲ್ಲ ಎಂದು ಅವಳು ಹೇಳುತ್ತಾಳೆ. ಅಳೆಯಬೇಕಿತ್ತು ಎನ್ನುತ್ತಾನೆ ಅವನು. ನೀನು ಅಳೆಯಲಿಲ್ಲವಲ್ಲ ಎಂಬುದು ಅವಳ ಉತ್ತರ. ತಾನು ಪಡೆದ ದಯೆಯನ್ನೇ ಅವಳು ತಿರುಗಿ ಕೊಡುತ್ತಿದ್ದಾಳೆ. ಸಾಮತಿಯ ಆಳು ಮಾಡದೆ ಹೋದ ಕೆಲಸ ಇದು. ಅವಳು ಆ ಬೆಟ್ಟದಿಂದ ಹಾರಿ ಪ್ರಾಣಬಿಟ್ಟದ್ದಕ್ಕಿಂತ ಈ ಮೂರು ಮಾತುಗಳಲ್ಲಿ ನಮಗೆ ಹೆಚ್ಚು ಸುವಾರ್ತೆ ಕಾಣುತ್ತದೆ.

ಹಾಗಾದರೆ ಪ್ರಾಯಶ್ಚಿತ್ತ, ಪರಿಹಾರ ಏನೂ ಬೇಡವೇ? ಬೇಕು. ಸುಂಕದ ಜಕ್ಕಾಯ ಆಸ್ತಿಯ ಅರ್ಧವನ್ನು ಬಡವರಿಗೆ ಕೊಟ್ಟ, ಮೋಸಮಾಡಿ ಕಿತ್ತುಕೊಂಡದ್ದನ್ನು ನಾಲ್ಕುಪಟ್ಟು ಹಿಂದಿರುಗಿಸಲು ಮುಂದಾದ. ಯೇಸು ಅವನ ಮನೆಗೆ ಬಂದದ್ದು ಮೊದಲು, ಕೊಡುಗೆ ಆಮೇಲೆ. 2008ರ ಐರನ್ ಮ್ಯಾನ್‌ನಲ್ಲಿ ಸ್ಟಾರ್ಕ್ ಆಯುಧ ತಯಾರಿಕೆ ನಿಲ್ಲಿಸುವುದಕ್ಕೆ ಮೊದಲು ಗುಹೆಯಲ್ಲಿ ಜೊತೆಸೆರೆಯಾಳು ಯಿನ್‌ಸೆನ್ ಅವನಿಗಾಗಿ ಪ್ರಾಣ ಕೊಟ್ಟಿರುತ್ತಾನೆ. ತದ್ವಿರುದ್ಧವಾಗಿ ಎಕ್ಸ್2 (2003) ಚಿತ್ರದ ನೈಟ್‌ಕ್ರಾಲರ್, ಅಪ್ಪಟ ಭಕ್ತ, ಒಂದೊಂದು ಪಾಪಕ್ಕೂ ಒಂದೊಂದು ಗುರುತನ್ನು ಮೈಮೇಲೆ ಕೆತ್ತಿಕೊಂಡಿದ್ದಾನೆ. ನೋಡಿದರೆ ಗೌರವ ಮೂಡುತ್ತದೆ, ಸಂಕಟವೂ ಆಗುತ್ತದೆ. ಕ್ಷಮಿಸಲ್ಪಟ್ಟವನಿಗೆ ಆ ಲೆಕ್ಕ ಇಡುವ ಕೆಲಸವಿಲ್ಲ ಎಂದು ಅವನಿಗೆ ಯಾರೂ ಹೇಳಿದಂತಿಲ್ಲ.

ತಪ್ಪು ಕಲ್ಪನೆ: ಪಾಪನಿವೇದನೆ ಮುಂಗಡ ಟಿಕೆಟ್ ಇದ್ದಂತೆ.

ವಾಸ್ತವ: 2015ರ ಡೇರ್‌ಡೆವಿಲ್ ಸಿನಿಮಾ ಅಲ್ಲ, ಸರಣಿ. ಆದರೂ ಇಲ್ಲಿ ಒದಗುತ್ತದೆ. ಕಥೋಲಿಕ ನಾಯಕ ಮ್ಯಾಟ್ ಮರ್ಡಾಕ್ ಮಾಡಿದ್ದಕ್ಕಲ್ಲ, ಇನ್ನು ಮಾಡಲಿರುವುದಕ್ಕೆ ಕ್ಷಮೆ ಕೇಳುತ್ತಾನೆ. ಹಾಗೆಲ್ಲ ನಡೆಯುವುದಿಲ್ಲ ಎನ್ನುತ್ತಾರೆ ಫಾದರ್. ಅವರು ಹೇಳಿದ್ದೇ ಸರಿ: ಮತ್ತೆ ಮಾಡೆನೆಂಬ ಸಂಕಲ್ಪವಿಲ್ಲದ ನಿವೇದನೆ ನಿವೇದನೆಯಲ್ಲ.

ತಪ್ಪು ಕಲ್ಪನೆ: ಕ್ಷಮಿಸುವುದೆಂದರೆ ಶಿಕ್ಷೆಯನ್ನೂ ಬಿಟ್ಟುಬಿಡುವುದು.

ವಾಸ್ತವ: ಇವು ಎರಡು ಬೇರೆ ಕೆಲಸಗಳು, ಎರಡು ಚಿತ್ರಗಳು ಒಂದೊಂದನ್ನು ಮಾಡುತ್ತವೆ. ಸ್ಪೈಡರ್‌ಮ್ಯಾನ್ 3ರ ಕೊನೆಯಲ್ಲಿ ಫ್ಲಿಂಟ್ ಮಾರ್ಕೊ, ಬೆನ್ ಚಿಕ್ಕಪ್ಪನನ್ನು ಕೊಂದದ್ದು ಹೇಗೆಂದು ಪೀಟರ್ ಮುಂದೆ ಹೇಳಿಕೊಳ್ಳುತ್ತಾನೆ. ತಾನೂ ಘೋರವಾದದ್ದನ್ನು ಮಾಡಿದವನೇ ಎಂದು ಒಪ್ಪಿಕೊಂಡು ಪೀಟರ್ ಅವನನ್ನು ಕ್ಷಮಿಸುತ್ತಾನೆ. ನೊಂದವನು ನೋಯಿಸಿದವನಿಗೆ ಮುಖಾಮುಖಿಯಾಗಿ ಹೇಳಿದ ಮಾತು. ನೂರಾರು ಕೈ ಚಾಚಿದ ದೃಶ್ಯಗಳಿಗಿಂತ ಇದೊಂದು ಹೆಚ್ಚು. ಆದರೆ ಜೈಲಿನಿಂದ ತಪ್ಪಿಸಿಕೊಂಡು ಬಂದಿದ್ದ ಮಾರ್ಕೊ ಮರಳಾಗಿ ಗಾಳಿಯಲ್ಲಿ ಹೊರಟುಹೋಗುತ್ತಾನೆ, ಕಾನೂನಿನ ಮಾತೇ ಇಲ್ಲ. ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್ (2016) ಇದಕ್ಕೆ ತಿರುವುಮುರುವು. ಟಿ'ಚಾಲಾನ ತಂದೆಯನ್ನು ಕೊಂದ ಝೀಮೊ ತನಗೆ ತಾನೇ ಗುಂಡು ಹೊಡೆದುಕೊಳ್ಳಲು ಹೋದಾಗ ಟಿ'ಚಾಲಾ ತಡೆದು ಕಾನೂನಿಗೆ ಒಪ್ಪಿಸುತ್ತಾನೆ. ಕ್ಷಮಿಸಿದೆ ಎನ್ನುವುದಿಲ್ಲ. ಸೇಡು ಬಿಡುವುದು ಒಂದು ಹೆಜ್ಜೆ, ಕ್ಷಮಿಸುವುದು ಮುಂದಿನದು. ಶಿಕ್ಷೆ ಎರಡರ ಜೊತೆಗೂ ಇರಬಹುದು. ಕ್ಷಮಿಸು ಎಂದು ನೊಂದವರ ಮೇಲೆ ಒತ್ತಡ ಹಾಕಿ ಅಪರಾಧಿಯನ್ನು ಠಾಣೆಯಿಂದ ಬಚಾವು ಮಾಡುವ ಚಾಳಿ ಎಲ್ಲ ಸಮುದಾಯಗಳಲ್ಲೂ ಇದೆ, ನಮ್ಮದೂ ಹೊರತಲ್ಲ. ಅದಕ್ಕೆ ಸುವಾರ್ತೆಯನ್ನು ನೆಪ ಮಾಡುವುದು ಬೇಡ.

ತಪ್ಪು ಕಲ್ಪನೆ: ಮಾಟಮಂತ್ರ ತುಂಬಿದ ಇಂಥ ಚಿತ್ರ ನೋಡುವುದೇ ಪಾಪ.

ವಾಸ್ತವ: ಮಕ್ಕಳ ಬಗೆಗಿನ ಕಾಳಜಿಯಿಂದ ಹುಟ್ಟಿದ ಭಯ ಇದು, ನಗುವಂಥದ್ದಲ್ಲ. ಆದರೆ 2016ರ ಡಾಕ್ಟರ್ ಸ್ಟ್ರೇಂಜ್ ನಿರ್ದೇಶಿಸಿದ ಸ್ಕಾಟ್ ಡೆರಿಕ್ಸನ್ ತಾನು ಕ್ರೈಸ್ತನೆಂದು ಬಹಿರಂಗವಾಗಿಯೇ ಹೇಳಿಕೊಂಡವನು. ಮಂತ್ರಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು, ಎದುರಾಳಿ ಸತ್ತರೆ ಕಥೆ ಮುಗಿಯಿತು ಎಂಬ ರೂಢಿಯ ಬಗ್ಗೆ.

ತಪ್ಪು ಕಲ್ಪನೆ: ಪಾಪ, ಕ್ಷಮೆಯ ಪಾಠವಿರುವ ಸೂಪರ್‌ಹೀರೊ ಚಿತ್ರ ಬೇಕೆಂದರೆ ಹಾಲಿವುಡ್ಡಿಗೇ ಹೋಗಬೇಕು.

ವಾಸ್ತವ: ನೆರೆಯ ಕೇರಳದಲ್ಲೇ ಇದೆ. ಬೇಸಿಲ್ ಜೋಸೆಫ್ ನಿರ್ದೇಶನದ ಮಲಯಾಳಂ ಚಿತ್ರ ಮಿನ್ನಲ್ ಮುರಳಿ (2021). ನಾಯಕ ಜೈಸನ್ ಹಳ್ಳಿಯ ಕ್ರೈಸ್ತ ದರ್ಜಿ. ಸಿಡಿಲು ಅವನಿಗೂ ಬಡಿಯುತ್ತದೆ, ಊರು ಹುಚ್ಚನೆಂದು ದೂರವಿಟ್ಟ ಶಿಬುವಿಗೂ ಬಡಿಯುತ್ತದೆ. ಇಬ್ಬರಿಗೂ ಒಂದೇ ಶಕ್ತಿ. ಶಿಬುವಿನ ಮನೆಗೆ ಜನ ಬೆಂಕಿ ಇಟ್ಟಾಗ ಒಳಗಿದ್ದ, ಅವನು ಪ್ರೀತಿಸಿದ ಉಷಾ ಸಾಯುತ್ತಾಳೆ. ಅಲ್ಲಿಂದಾಚೆಗೆ ಅವನು ಊರಿಗೇ ಶತ್ರು. ಶಿಬುವಿನ ಪಾಪಕ್ಕೆ ಶಿಕ್ಷೆಯಾಗುತ್ತದೆ, ಜೈಸನ್ ಊರಿನ ಕಣ್ಮಣಿಯಾಗುತ್ತಾನೆ. ಬೆಂಕಿ ಇಟ್ಟ ಗುಂಪಿನಿಂದ ಮಾತ್ರ ಒಬ್ಬನೂ ಮುಂದೆ ಬಂದು ಕ್ಷಮೆ ಕೇಳುವುದಿಲ್ಲ. ಯುವಜನ ಕೂಟದಲ್ಲಿ ಈ ಚಿತ್ರ ತೋರಿಸುವುದಾದರೆ ಹೊಡೆದಾಟದ ದೃಶ್ಯಕ್ಕೆ ಬದಲು ಆ ಗುಂಪಿನ ಬಗ್ಗೆ ಕೇಳಿ.